ಊರ ಓಟಕ್ಕೆ ನಾವೂ ಹೋಗೋಣ

ಬೆಂಗಳೂರಿನಲ್ಲಿ ಬೇಸಿಗೆ ಕಾಲದಲ್ಲಿ ಒಂದು ದೊಡ್ಡ ಓಟ ನಡೆಯುತ್ತದೆ. ಅದರ ಹೆಸರು ವರ್ಲ್ಡ್ ಟೆನ್ ಕೆ. ಟೆನ್ ಅಂದರೆ ಹತ್ತು. ಕೆ ಅಂದರೆ ಕಿಲೋಮೀಟರ್. ಹತ್ತು ಕಿಲೋಮೀಟರ್ ಓಟ, ಅಷ್ಟೇ. ಇದು ಮೊದಲ ಸಲ ನಡೆದದ್ದು 2008ರ ಮೇ ತಿಂಗಳಲ್ಲಿ. ಕೊರೊನಾ ಕಾಲದಲ್ಲಿ ರಸ್ತೆಯ ಮೇಲಿನ ಓಟ ನಿಂತಿತ್ತು. 2022ರಲ್ಲಿ ಮತ್ತೆ ಶುರುವಾಯಿತು.

ಹತ್ತು ಕಿಲೋಮೀಟರ್ ಅಂದರೆ ಎಷ್ಟು ದೂರ? ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯಿಂದ ಹೊರಡಿ. ಚಾಮರಾಜಪೇಟೆ ದಾಟಿ ಮಲ್ಲೇಶ್ವರದ ಸ್ಯಾಂಕಿ ಕೆರೆಗೆ ಬನ್ನಿ. ಸುಮಾರು ಅಷ್ಟು ದೂರ. ಬೇಗ ಬೇಗ ನಡೆದರೆ ಎರಡು ಗಂಟೆ ಬೇಕು.

ಈ ದೂರವನ್ನು 2022ರಲ್ಲಿ ಕೆನ್ಯಾ ದೇಶದ ನಿಕೊಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿನಲ್ಲಿ ಓಡಿ ಗೆದ್ದರು. ಹೆಂಗಸರಲ್ಲಿ ಅದೇ ದೇಶದ ಐರಿನ್ ಚೆಪ್ಟಾಯ್ 30 ನಿಮಿಷ 35 ಸೆಕೆಂಡಿನಲ್ಲಿ ಓಡಿದರು. ಅದೇ ದಿನ, ಅದೇ ಊರಿನ ರಸ್ತೆಯಲ್ಲಿ ಸಾವಿರಾರು ಜನ ಸಾಮಾನ್ಯರೂ ಓಡಿದರು. ಕ್ರಿಕೆಟ್ ಆಟದಲ್ಲಿ ದೊಡ್ಡ ಆಟಗಾರರ ಜೊತೆ ನಮ್ಮನ್ನು ಮೈದಾನಕ್ಕೆ ಬಿಡುತ್ತಾರಾ? ಓಟದಲ್ಲಿ ಬಿಡುತ್ತಾರೆ. ನಮಗೆ ಈ ಓಟ ಇಷ್ಟವಾಗುವುದು ಅದಕ್ಕೇ.

ಪೂರ್ತಿ ಹತ್ತು ಆಗುವುದಿಲ್ಲ ಅನ್ನುವವರಿಗೆ ಅರ್ಧದಷ್ಟು ದೂರದ 'ಮಜಾ ರನ್' ಇದೆ. ವಯಸ್ಸಾದವರಿಗೂ ಅಂಗವಿಕಲರಿಗೂ ಬೇರೆ ಬೇರೆ ಓಟಗಳಿವೆ. ಸೇರಲು ದುಡ್ಡು ಕಟ್ಟಬೇಕು. ಕೂಲಿ ಮಾಡುವವರಿಗೆ ಅದು ಸಣ್ಣ ಮೊತ್ತ ಅಲ್ಲ. ಆದರೆ ಓಡುವುದನ್ನು ಕಲಿಯಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ನಮ್ಮ ಪೇಟೆಗಳ ಹೆಂಗಸರು ಬೀದಿಯಲ್ಲಿ ಓಡುವುದು ಯಾವಾಗ? ಬಸ್ಸು ಹೊರಟಾಗ. ನಲ್ಲಿಯಲ್ಲಿ ನೀರು ಬಂದಾಗ. ಸುಮ್ಮನೆ, ತಮ್ಮ ಖುಷಿಗೆ ಓಡಿದರೆ ಜನ ನಗುತ್ತಾರೆ ಅನ್ನುವ ಅಂಜಿಕೆ. ಈ ಅಂಜಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದ ಬಾಸ್ಟನ್ ಊರಿನ ಓಟ ಬಹಳ ಹೆಸರುವಾಸಿ. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ಹುಡುಗಿ ಅಲ್ಲಿ ಓಡುತ್ತಿದ್ದಳು. ಓಟ ನಡೆಸುವವರಲ್ಲೇ ಒಬ್ಬ ಹಿಂದಿನಿಂದ ಬಂದು ಅವಳ ನಂಬರ್ ಚೀಟಿ ಕಿತ್ತುಕೊಳ್ಳಲು ನೋಡಿದ. ಅವಳು ನಿಲ್ಲಲಿಲ್ಲ. 42 ಕಿಲೋಮೀಟರಿಗಿಂತ ಹೆಚ್ಚು ದೂರ ಓಡಿ ಮುಗಿಸಿದಳು. ಆ ಓಟಕ್ಕೆ ಹೆಂಗಸರನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಬಂದಿದ್ದು 1984ರಲ್ಲಿ. ಇವತ್ತು ನಮ್ಮೂರಿನಲ್ಲಿ ಸೀರೆ ಉಟ್ಟು ಓಡುವವರೂ ಇದ್ದಾರೆ. ಒಬ್ಬರೇ ಹೊರಡಲು ನಾಚಿಕೆಯಾದರೆ ಪಕ್ಕದ ಮನೆಯವರನ್ನು ಕರೆಯಿರಿ. ಇಬ್ಬರಾದರೆ ಅರ್ಧ ಅಂಜಿಕೆ ಹೋಯಿತು.

ಸರಿ, ಹೇಗೆ ಶುರು ಮಾಡೋದು? ಮೂರು ತಿಂಗಳು ಮುಂಚೆಯೇ ಶುರು ಮಾಡಿ. ಮೊದಲು ನಡೆಯಿರಿ. ಅರ್ಧ ಗಂಟೆ ನಡೆದರೂ ಆಯಾಸ ಆಗದಿದ್ದರೆ, ಮಧ್ಯೆ ಮಧ್ಯೆ ಒಂದೊಂದು ನಿಮಿಷ ಓಡಿ. ಮತ್ತೆ ನಡೆಯಿರಿ. ವಾರ ವಾರ ಓಟ ಸ್ವಲ್ಪ ಹೆಚ್ಚಿಸಿ, ನಡಿಗೆ ಸ್ವಲ್ಪ ಕಡಿಮೆ ಮಾಡಿ. ವಾರಕ್ಕೆ ಮೂರು ನಾಲ್ಕು ದಿನ ಸಾಕು.

ಎಷ್ಟು ಜೋರಾಗಿ ಓಡಬೇಕು? ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು. ಮಾತು ಹೊರಡದಷ್ಟು ಏದುಸಿರು ಬಂದರೆ, ಜೋರಾಯಿತು ಅಂತ ಅರ್ಥ. ಅವಸರ ಯಾಕೆ ಬೇಡ ಗೊತ್ತಾ? ಉಸಿರಾಟ ಕೆಲವೇ ವಾರಗಳಲ್ಲಿ ಹಗುರವಾಗುತ್ತದೆ. ಮಂಡಿ, ಹಿಮ್ಮಡಿ, ಮೂಳೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಉಸಿರು ಸಾಕಷ್ಟಿದೆ ಅಂತ ಓಡಿದವರು ಮಂಡಿ ನೋವಿನಿಂದ ಕೂರುತ್ತಾರೆ.

ಜಾಗಕ್ಕೆ ನಮ್ಮ ಪೇಟೆಗಳಲ್ಲಿ ಬರವಿಲ್ಲ. ಬಸವನಗುಡಿಯವರಿಗೆ ಲಾಲ್‌ಬಾಗ್ ಹತ್ತಿರ. ಮಲ್ಲೇಶ್ವರದವರಿಗೆ ಸ್ಯಾಂಕಿ ಕೆರೆ. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆಯಲ್ಲಿ ಜನ ಸತ್ತರು. ಆಮೇಲೆ ಗಾಳಿ, ಬೆಳಕು ಬರಲಿ ಅಂತ ಅಗಲ ರಸ್ತೆ ಹಾಕಿ ಬೆಳೆಸಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಈಗ ಆ ರಸ್ತೆಗಳ ತುಂಬ ಕಾರು, ಸ್ಕೂಟರು. ಹೊಗೆ ಏಳುವ ಮುಂಚೆ, ಬೆಳಗ್ಗೆ ಆರಕ್ಕೆಲ್ಲ ಹೊರಟರೆ ಒಳ್ಳೆಯದು. ಕಾಲಿಗೆ ಚಪ್ಪಲಿ ಬೇಡ. ಅಳತೆಗೆ ಸರಿಯಾದ ಬೂಟು ಇರಲಿ.

ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಓಡುವಾಗ ಎದೆ ನೋವು, ತಲೆ ಸುತ್ತು, ಕಣ್ಣು ಕತ್ತಲೆ ಬಂದರೆ ತಕ್ಷಣ ನಿಲ್ಲಿ. ಹತ್ತಿರದವರನ್ನು ಕರೆಯಿರಿ. ಇದರಲ್ಲಿ ಹಟ ಬೇಡ.

ಓಟಕ್ಕೆ ಸೇರಿದವರಿಗೆ ನಂಬರ್ ಬರೆದ ಒಂದು ಚೀಟಿ ಕೊಡುತ್ತಾರೆ. ಅದಕ್ಕೆ ಬಿಬ್ ಅನ್ನುತ್ತಾರೆ. ಪಿನ್ನು ಹಾಕಿ ಎದೆಯ ಮೇಲೆ ಚುಚ್ಚಿಕೊಳ್ಳಬೇಕು. ಅದರ ಹಿಂಬದಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆಯಿರಿ. ನೀವೇ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆ ಇಲ್ಲ, ಅಂಕಿಗಳು ಸ್ಪಷ್ಟವಾಗಿರಲಿ. ದಾರಿಯಲ್ಲಿ ನೀವು ಬಿದ್ದರೆ, ನಿಮ್ಮ ಬದಲು ಮಾತಾಡುವುದು ಆ ಚೀಟಿಯೇ.

ಆ ಚೀಟಿಗೆ ಚಿಪ್ ಎಂಬ ಚಿಕ್ಕ ಯಂತ್ರ ಅಂಟಿಸಿರುತ್ತಾರೆ. ನೀವು ಶುರುವಿನ ಗೆರೆ ದಾಟಿದಾಗ ನಿಮ್ಮ ಹೊತ್ತು ಶುರು. ಕೊನೆಯ ಗೆರೆ ದಾಟಿದಾಗ ಮುಗಿಯಿತು. ಹಿಂದೆ ನಿಂತರೂ ಹೊತ್ತು ನಷ್ಟವಾಗುವುದಿಲ್ಲ. ಹಾಗಾಗಿ ನೂಕುನುಗ್ಗಲು ಬೇಡ.

ಓಟದ ಹಿಂದಿನ ದಿನ ಹೊಸದೇನೂ ಬೇಡ. ಹೊಸ ಬೂಟೂ ಬೇಡ, ಹೊಸ ಊಟವೂ ಬೇಡ. ಬೆವರಿದ ಬಟ್ಟೆ ಉಜ್ಜುವ ಕಡೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಓಟ ನಸುಕಿನಲ್ಲೇ ಶುರುವಾಗುತ್ತದೆ. ಕೆಲವು ವರ್ಷ ಆ ದಿನ ಮೆಟ್ರೊ ರೈಲು ಬೇಗ ಬಿಟ್ಟಿದ್ದಾರೆ. ಮುಂಚೆಯೇ ವಿಚಾರಿಸಿಕೊಳ್ಳಿ. ನ್ಯಾಷನಲ್ ಕಾಲೇಜು ಅಥವಾ ಸಂಪಿಗೆ ರಸ್ತೆಯಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸಿದರೆ ಎಂ.ಜಿ. ರಸ್ತೆ ಸಿಗುತ್ತದೆ.

ಮೊದಲ ಎರಡು ಕಿಲೋಮೀಟರ್ ಬೇಕೆಂದೇ ನಿಧಾನ ಓಡಿ. ಸುತ್ತ ಜನ, ವಾದ್ಯ, ಚಪ್ಪಾಳೆ. ಕಾಲು ತಾನಾಗಿ ಜೋರಾಗುತ್ತದೆ. ಹಾಗೆ ಓಡಿದರೆ ಏಳನೆಯ ಕಿಲೋಮೀಟರಿನಲ್ಲಿ ಅದರ ಸಾಲ ತೀರಿಸಬೇಕಾಗುತ್ತದೆ. ಬಾಯಾರಿದಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಹೊಟ್ಟೆ ತುಂಬ ಕುಡಿಯುವುದೂ ಒಳ್ಳೆಯದಲ್ಲ. ಸುಸ್ತಾದರೆ ನಡೆಯಿರಿ. ಯಾರೂ ಬೈಯುವುದಿಲ್ಲ.

ಗೆರೆ ದಾಟಿದ ಕೂಡಲೇ ಕೂರಬೇಡಿ. ಐದು ಹತ್ತು ನಿಮಿಷ ನಡೆದಾಡಿ. ಆಮೇಲೆ ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಒಂದು ಬೆಣ್ಣೆ ಮಸಾಲೆ ದೋಸೆ ತಿನ್ನಬಹುದು. ಸೋಮವಾರ ಮೆಟ್ಟಿಲು ಇಳಿಯುವಾಗ ತೊಡೆ ನೋಯುತ್ತದೆ. ಎರಡು ಮೂರು ದಿನಕ್ಕೆ ಹೋಗುತ್ತದೆ.