ಸಮುದ್ರದ ನೀರು ಆಸಿಡ್ ಆಗುತ್ತಿದೆಯೇ? ಮೀನು ತಿನ್ನಬಾರದೇ?

"ಸಮುದ್ರದ ನೀರು ಆಸಿಡ್ ಆಗುತ್ತಿದೆ, ಇನ್ನು ಮೀನು ತಿನ್ನಬೇಡಿ." ಇಂಥದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ ಏನು ಮಾಡುತ್ತೀರಿ? ಹಿರಿಯೂರು ತಾಲ್ಲೂಕಿನ ಐಮಂಗಲದಂಥ ಬಯಲುಸೀಮೆಯ ಊರಿನವರು "ಕಡಲು ನಮಗೆಲ್ಲಿ?" ಎಂದು ಸುಮ್ಮನಾಗಬಹುದು, ಇಲ್ಲವೇ ಹೆದರಿ ಫಾರ್ವರ್ಡ್ ಮಾಡಬಹುದು. ಎರಡೂ ಬೇಡ. ಈ ಮಾತಿನಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಬಿಡಿಸಿ ನೋಡೋಣ.

ನೀರು ಆಸಿಡ್ ಆಗಿದೆಯೇ?

ಇಲ್ಲ. ಪಿಎಚ್ 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ. ಕಾರ್ಖಾನೆಗಳ ಯುಗಕ್ಕೆ ಮೊದಲು ಸಮುದ್ರದ ಮೇಲ್ಮೈ ನೀರಿನ ಪಿಎಚ್ ಸುಮಾರು 8.2 ಇತ್ತು, ಈಗ ಸುಮಾರು 8.1 ಇದೆ. ಅಂದರೆ ನೀರು ಇಂದಿಗೂ ಕ್ಷಾರವೇ. ಇದರಿಂದ ಮೈ ಸುಡುವುದಿಲ್ಲ, ಮೀನು ವಿಷವಾಗುವುದಿಲ್ಲ.

ಹಾಗಾದರೆ ಚಿಂತೆ ಏಕೆ?

ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ 10 ಪಟ್ಟು ಏರುತ್ತದೆ. ಆದ್ದರಿಂದ 0.1ರ ಇಳಿಕೆ ಎಂದರೆ ಆಮ್ಲೀಯತೆಯಲ್ಲಿ ಶೇ. 25ಕ್ಕೂ ಹೆಚ್ಚು ಏರಿಕೆ. ಇದನ್ನೇ ಸಾಗರ ಆಮ್ಲೀಕರಣ ಎನ್ನುತ್ತಾರೆ.

ಕಾರಣ ಏನು?

ಕಾರ್ಬನ್ ಡೈಆಕ್ಸೈಡ್. ಗಾಳಿಯಲ್ಲಿ ಇದರ ಪ್ರಮಾಣ ಹಿಂದೆ ಹತ್ತು ಲಕ್ಷಕ್ಕೆ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ನಾವು ಹೊರಬಿಡುವುದರಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ನೀರಿಗೆ ಸೇರಿದಾಗ ಅದು ಕಾರ್ಬಾನಿಕ್ ಆಮ್ಲವಾಗುತ್ತದೆ. ಐಮಂಗಲದ ಪಕ್ಕದ ಹೆದ್ದಾರಿಯಲ್ಲಿ ಓಡುವ ಲಾರಿಗಳ ಹೊಗೆಯ ಪಾಲೂ ಇದರಲ್ಲಿದೆ. ಗಾಳಿಗೆ ಗಡಿ ಇಲ್ಲ.

ಯಾರಿಗೆ ತೊಂದರೆ?

ಚಿಪ್ಪು ಕಟ್ಟುವ ಜೀವಿಗಳಿಗೆ. ಉತ್ತರ ಕನ್ನಡದವರು ಬಳಚು, ಮಂಗಳೂರಿನವರು ಮರುವಾಯಿ ಎನ್ನುವ ಚಿಪ್ಪುಜೀವಿಗಳು, ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಹವಳಗಳು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಮೈ ಕಟ್ಟಿಕೊಳ್ಳುತ್ತವೆ. ಆಮ್ಲೀಯತೆ ಹೆಚ್ಚಿದಷ್ಟೂ ನೀರಿನಲ್ಲಿ ಅವುಗಳಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ.

ಮನೆಯಲ್ಲೇ ನೋಡಿ: ಮೊಟ್ಟೆಯ ಚಿಪ್ಪನ್ನು ನಿಂಬೆರಸದಲ್ಲಿ ಹಾಕಿದರೆ ಗುಳ್ಳೆ ಏಳುತ್ತದೆ. ಕಡಲು ನಿಂಬೆರಸದಷ್ಟು ಹುಳಿ ಅಲ್ಲ, ಅಲ್ಲಿ ಚಿಪ್ಪು ಹೀಗೆ ಕರಗಿಹೋಗುವುದಿಲ್ಲ. ಆದರೆ ಎಳೆಯ ಮರಿಗಳಿಗೆ ಚಿಪ್ಪು ಕಟ್ಟುವುದೇ ಕಷ್ಟವಾಗುತ್ತದೆ. ಅಮೆರಿಕದ ಒರೆಗಾನ್‌ನಲ್ಲಿ 2007ರ ಸುಮಾರಿಗೆ ಒಂದು ಸಿಂಪಿ ಮರಿ ಕೇಂದ್ರದಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತವು. ಆಳದಿಂದ ಮೇಲೆದ್ದ, ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದ ನೀರೇ ಕಾರಣವೆಂದು ಆಮೇಲೆ ತಿಳಿಯಿತು.

ಎಲ್ಲಕ್ಕೂ ಇದೇ ಕಾರಣವೇ?

ಅಲ್ಲ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು ಆರಿಸಿ ಬದುಕುವ ಕುಟುಂಬಗಳಿವೆ. ಮಳೆಗಾಲದ ಸಿಹಿನೀರು, ಉಪ್ಪಿನಂಶದ ಏರಿಳಿತ, ಮರಳು ತೆಗೆಯುವುದು ಇವೂ ಬಳಚನ್ನು ಕಾಡುತ್ತವೆ. ಒಂದು ವರ್ಷ ಬಳಚು ಕಡಿಮೆ ಸಿಕ್ಕರೆ "ಆಸಿಡ್‌ನಿಂದಲೇ" ಎಂದು ತೀರ್ಪು ಕೊಡುವಂತಿಲ್ಲ. ಸುಳ್ಳು ಭಯದಿಂದ ಜನ ಮೀನು, ಬಳಚು ಕೊಳ್ಳುವುದು ಬಿಟ್ಟರೆ ಮೊದಲ ಪೆಟ್ಟು ಬೀಳುವುದು ಈ ಕುಟುಂಬಗಳಿಗೇ.

ನಮ್ಮ ತೀರ್ಮಾನ

ಸಮುದ್ರದ ಆಮ್ಲೀಯತೆ ಹೆಚ್ಚುತ್ತಿದೆ ಎಂಬುದು ನಿಜ. ಈ ಕಾರಣಕ್ಕೆ ಮೀನು ತಿನ್ನಬಾರದು ಎಂಬುದು ಸುಳ್ಳು. ಪರಿಹಾರ ಇರುವುದು ತಟ್ಟೆಯಲ್ಲಲ್ಲ, ಕಲ್ಲಿದ್ದಲು, ಡೀಸೆಲ್ ಸುಡುವುದನ್ನು ಕಡಿಮೆ ಮಾಡುವುದರಲ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ಕಲ್ಲಿದ್ದಲಿನ ಬದಲಿಗೆ ಕೊಡುವ ಪ್ರತಿ ಯೂನಿಟ್ ವಿದ್ಯುತ್ತೂ ದೂರದ ಕಡಲಿಗೆ ಅಷ್ಟರಮಟ್ಟಿಗೆ ನೆರವೇ. ಆ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಬದಲು ಇಷ್ಟನ್ನು ಗುಂಪಿನವರಿಗೆ ತಿಳಿಸಿ.