ಕಂದು ಬಿಯರಿನೊಳಗೆ ಚೆರಿ ಹಣ್ಣಿನ ವಾಸ

ಬೆಲ್ಜಿಯಂನ ಪೂರ್ವ ಫ್ಲಾಂಡರ್ಸ್‌ನಲ್ಲಿ, ಶೆಲ್ಟ್ ನದಿಯ ದಂಡೆಯ ಮೇಲಿರುವ ಊರು ಔಡೆನಾರ್ಡೆ. ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳ ನೇಯ್ಗೆಗೆ ಒಂದು ಕಾಲದಲ್ಲಿ ಯುರೋಪಿನ ತುಂಬ ಹೆಸರಾಗಿತ್ತು. ಆ ಮಗ್ಗಗಳ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಊರಿನ ಇನ್ನೊಂದು ಕಸುಬು ಮಾತ್ರ ಉಳಿದಿದೆ: ತುಸು ಹುಳಿಯಾದ, ಮಾಗಿದ ಕಂದು ಬಿಯರ್. ಆ ಕಸುಬಿನ ಹಳೆಯ ಮನೆ ಲೀಫ್‌ಮನ್ಸ್ ಬ್ರೂವರಿ. ಅದರ ಚರಿತ್ರೆ ಶುರುವಾಗುವುದು 1679ರಿಂದ.

ಇಲ್ಲಿನ ‘ಕ್ರೀಕ್ ಬ್ರೂಟ್’ ಚೆರಿ ಹಣ್ಣು ಸೇರಿಸಿದ ಕಂದು ಬಿಯರ್. ಗ್ಲಾಸಿಗೆ ಸುರಿದಾಗ ಬಣ್ಣ ಗಾಢ ಕೆಂಪು, ಮೇಲಿನ ನೊರೆಗೂ ನಸುಗೆಂಪಿನ ಛಾಯೆ. ಮೊದಲ ಗುಟುಕಿನಲ್ಲಿ ಚೆರಿಯ ಹುಳಿ ನಾಲಿಗೆಯ ಅಂಚಿಗೆ ತಾಗುತ್ತದೆ. ಬೆಲ್ಲ ಕಡಿಮೆ ಹಾಕಿದ ಮುರುಗಲ ಶರಬತ್ತು ಕುಡಿದವರಿಗೆ ಈ ಹುಳಿಯ ಅಂದಾಜು ಸಿಕ್ಕೀತು. ಅದರ ಹಿಂದೆಯೇ ಬಾದಾಮಿಯಂಥ ಸಣ್ಣ ಕಹಿ. ಅದು ಬರುವುದು ಹಣ್ಣಿನ ಬೀಜದಿಂದ. ಕೊನೆಗೆ ಹುರಿದ ಮಾಲ್ಟಿನ ರುಚಿ, ಸಕ್ಕರೆ ಕರಗಿಸಿ ಕೆಂಪಾಗಿಸಿದ ಪಾಕದ ಘಮ. ಬಾಯಲ್ಲಿ ಸಿಹಿ ಅಂಟಿಕೊಳ್ಳುವುದಿಲ್ಲ. ಮದ್ಯಾಂಶ ಶೇ 6.

ಸಿಹಿ ಯಾಕೆ ಉಳಿಯುವುದಿಲ್ಲ ಎಂಬುದರಲ್ಲೇ ಈ ಕುಶಲತೆಯ ಗುಟ್ಟಿದೆ. ಮೊದಲು ಹಣ್ಣಿಲ್ಲದ ಕಂದು ಬಿಯರ್ ತಯಾರಾಗಬೇಕು. ಮುಚ್ಚಳವಿಲ್ಲದ ಅಗಲ ತೊಟ್ಟಿಗಳಲ್ಲಿ ಯೀಸ್ಟಿನ ಜೊತೆಗೆ ಹಾಲನ್ನು ಮೊಸರಾಗಿಸುವ ಜಾತಿಯ ಬ್ಯಾಕ್ಟೀರಿಯಾಗಳೂ ಕೆಲಸ ಮಾಡುತ್ತವೆ. ಹುಳಿ ಹುಟ್ಟುವುದು ಅಲ್ಲಿ. ಆಮೇಲೆ ನೆಲಮಾಳಿಗೆಯಲ್ಲಿ ಮಾಗುವ ಕಾಲ. ಚೆರಿ ಸೇರುವುದು ಆ ನಂತರ, 100 ಲೀಟರಿಗೆ 13 ಕಿಲೋದಂತೆ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ತಿಂದು ಹಾಕುತ್ತದೆ. ಬಣ್ಣ, ಹುಳಿ, ಒಗರು ಉಳಿಯುತ್ತವೆ. ಬೇರೆ ಬೇರೆ ವಯಸ್ಸಿನ ಬಿಯರುಗಳನ್ನು ಹದವರಿತು ಬೆರೆಸುವುದು ಕೊನೆಯ ಕೆಲಸ. ಮಾಗುವುದಕ್ಕೆ ಒಂದೂವರೆ ವರ್ಷವೇ ಬೇಕು. ಎಸೆನ್ಸ್ ಸುರಿದು ವಾರದಲ್ಲಿ ಮುಗಿಸುವವರಿಗೆ ಈ ರುಚಿ ದಕ್ಕದು.

ಬ್ರಸೆಲ್ಸ್ ಸುತ್ತಿನ ಚೆರಿ ಬಿಯರ್ ಲ್ಯಾಂಬಿಕ್ ಕ್ರೀಕ್ ಇದಕ್ಕಿಂತ ಬೇರೆ. ಅದು ಗಾಳಿಯಲ್ಲಿನ ಕಾಡು ಯೀಸ್ಟನ್ನು ನಂಬಿ ಮರದ ಪೀಪಾಯಿಯಲ್ಲಿ ಬೆಳೆದದ್ದು, ಹುಳಿಯೂ ಹೆಚ್ಚು ಚೂಪು. ಔಡೆನಾರ್ಡೆಯ ಹುಳಿಗೆ ಮಾಲ್ಟಿನ ಮೆತ್ತೆ ಇದೆ. ನನಗೆ ಇದೇ ಹೆಚ್ಚು ಇಷ್ಟ.

ಈ ಮನೆಯ ಮಾತು ಬಂದಾಗ ರೋಸಾ ಮೆರ್ಕ್ಸ್ ಅವರನ್ನು ನೆನೆಯಲೇಬೇಕು. 1946ರಲ್ಲಿ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿದ ಅವರ ನಾಲಿಗೆಯ ಸೂಕ್ಷ್ಮವನ್ನು ಯಜಮಾನರು ಗುರುತಿಸಿದರು. ಬಿಯರ್ ತಯಾರಿಸುವುದನ್ನು ಕಲಿತ ರೋಸಾ, ಯಜಮಾನರು ತೀರಿಕೊಂಡ ಮೇಲೆ 1970ರ ದಶಕದಲ್ಲಿ ಬ್ರೂವರಿಯ ಹೊಣೆಯನ್ನೇ ಹೊತ್ತರು. ಬೆಲ್ಜಿಯಂನ ಮೊದಲ ಮಹಿಳಾ ಬ್ರೂಮಾಸ್ಟರ್ ಎಂದು ಅವರನ್ನು ಗೌರವಿಸುತ್ತಾರೆ.

2007ರ ಕೊನೆಗೆ ಬ್ರೂವರಿ ದಿವಾಳಿಯಾಯಿತು. ಮರುವರ್ಷ ಡೂವೆಲ್ ಮೂರ್ಟ್‌ಗಾಟ್ ಕಂಪನಿ ಕೊಂಡುಕೊಂಡಿತು. ಮಾಲ್ಟ್ ಕುದಿಸುವ ಕೆಲಸ ಈಗ ಬೇರೆ ಊರಿನಲ್ಲಿ. ಹುದುಗುವುದು, ಮಾಗುವುದು ಔಡೆನಾರ್ಡೆಯಲ್ಲೇ. ಹೊಸ ಮಾಲೀಕರ ಕಾಲದಲ್ಲಿ ಹಣ್ಣಿನ ರಸ ಬೆರೆಸಿದ, ಐಸ್ ಹಾಕಿ ಕುಡಿಯುವ ‘ಫ್ರುಟೆಸ್’ ಜನಪ್ರಿಯವಾಗಿದೆ. ಶೇ 3.8ರ ಹಗುರ ಪಾನೀಯ. ಬೇಸಿಗೆಗೆ ಅದು ಸರಿಯೇ, ಆದರೆ ಅದರ ಸಿಹಿಯಲ್ಲಿ ಕಂದು ಬಿಯರ್ ಕಾಣೆಯಾಗುತ್ತದೆ.

ರುಚಿ ನೋಡುವವರು ಮೊದಲು ಹಣ್ಣಿಲ್ಲದ ‘ಗೌಡೆನ್‌ಬಾಂಡ್’ ಕುಡಿಯಲಿ, ಶೇ 8ರದು, ಅತಿ ತಣ್ಣಗಾಗಿಸದೆ. ಆಮೇಲೆ ಕ್ರೀಕ್ ಬ್ರೂಟ್. ಆಗ ಯಾವ ಹುಳಿ ಬಿಯರಿನದು, ಯಾವುದು ಚೆರಿಯದು ಎಂದು ಬೇರೆ ಬೇರೆಯಾಗಿ ತಿಳಿಯುತ್ತದೆ.