ತೀರ್ಪು ಮುಗಿದರೂ ಮುಗಿಯದ ಹೋರಾಟ

ಬಸವನ ಬಾಗೇವಾಡಿ ಬಸವಣ್ಣನವರ ಊರು. 12ನೇ ಶತಮಾನದ ಅವರ ಹಲವು ವಚನಗಳು ತಮ್ಮದೇ ಚಂಚಲ ಮನಸ್ಸನ್ನು ದೂರಿ, ಕೂಡಲಸಂಗಮದೇವನಿಗೆ ಮೊರೆಯಿಡುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯವರಿಗೂ ಈ ಒಳಗುದಿ ಪರಿಚಿತವೇ. ಸುಮಾರು ಕ್ರಿ.ಶ. 57ರಲ್ಲಿ ರೋಮಿನ ಕ್ರೈಸ್ತರಿಗೆ ಸಂತ ಪೌಲ ಬರೆದ ಪತ್ರದಲ್ಲಿಯೂ ಇಂಥದೇ ತಳಮಳವಿದೆ. ಒಳಿತನ್ನು ಬಯಸಿದರೂ ಕೆಡುಕನ್ನೇ ಮಾಡುವ ಮನುಷ್ಯನ ಸಂಕಟ ಅದರ 7ನೇ ಅಧ್ಯಾಯದ್ದು. 8ನೇ ಅಧ್ಯಾಯ ತೆರೆಯುವುದು ಬಿಡುಗಡೆಯ ಮಾತಿನಿಂದ.

ಕನ್ನಡ ಬೈಬಲಿನಲ್ಲಿ ಅಲ್ಲಿರುವ 'ಅಪರಾಧನಿರ್ಣಯ' ನ್ಯಾಯಾಲಯದ ಪದ. ಕ್ರಿಸ್ತನಲ್ಲಿರುವವರ ಮೇಲೆ ಆ ನಿರ್ಣಯ ಇನ್ನಿಲ್ಲ ಎಂಬುದೇ ಕ್ರೈಸ್ತರ ಭರವಸೆ. ಪಾಪದೊಡನೆ ಸೆಣಸಾಟ ನಿಂತಿತೆಂದು ಇದರ ಅರ್ಥವಲ್ಲ. ಪಾಪಕ್ಕೆ ಇದು ಪರವಾನಗಿಯೂ ಅಲ್ಲ. 6ನೇ ಅಧ್ಯಾಯದಲ್ಲೇ ಪೌಲ ಆ ವಾದವನ್ನು ತಳ್ಳಿಹಾಕಿದ್ದಾನೆ. ಶಿಕ್ಷೆಯ ಭಯದಿಂದಲ್ಲ, ಕ್ಷಮೆ ದೊರೆತ ಧೈರ್ಯದಿಂದ ಹೋರಾಡಬೇಕು ಎಂಬುದೇ ಅವನ ಮಾತಿನ ತಿರುಳು.